ಮುರಕಲ್ಲಿನ ಹಳೆಯ ಮನೆಯ ಬಚ್ಚಲಿಗೆ ಯಾವ ಗಾಜಿನ ಶವರ್ ಬಾಗಿಲು ಒಳ್ಳೆಯದು?

ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಹಳೆಯ ಮನೆ. ಬಚ್ಚಲುಮನೆಯನ್ನು ಒಡೆದು ಹೊಸದಾಗಿ ಮಾಡಿಸುತ್ತಿದ್ದೀರಿ. ಶವರಿನ ಜಾಗಕ್ಕೆ ಚೌಕಟ್ಟಿಲ್ಲದ ಗಾಜಿನ ಬಾಗಿಲು ಬೇಕು, ಗಾಜು 8 ಮಿಲಿಮೀಟರಿನದೋ 10ರದೋ, ತೆರೆಯುವ ಬಾಗಿಲೋ ಜಾರುವ ಬಾಗಿಲೋ ಎಂದು ಕೇಳಿದ್ದೀರಿ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ ಎಂದೂ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ನನ್ನ ಮಟ್ಟಿಗೆ ಆ ಕೊನೆಯ ಸಾಲೇ ಮುಖ್ಯ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಹಳೆಯ ಮನೆಗಳ ದುರಸ್ತಿ ಮಾಡಿಸುವ ಕೆಲಸದಲ್ಲಿದ್ದೇನೆ. ನಿಮ್ಮ ಮನೆಗೆ ತೆರೆಯುವುದೂ ಬೇಡ, ಜಾರುವುದೂ ಬೇಡ. ಅಲುಗದೆ ನಿಲ್ಲುವ ಒಂದೇ ಒಂದು ಗಾಜು ಸಾಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮೊದಲು ಗೋಡೆ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 75 ಸೆಂಟಿಮೀಟರ್ ಅಗಲ, 2 ಮೀಟರ್ ಎತ್ತರದ ಬಾಗಿಲೆಂದರೆ ಒಂದೂವರೆ ಚದರ ಮೀಟರ್. 8 ಮಿ.ಮೀ. ಗಾಜಾದರೆ 30 ಕಿಲೋ, 10 ಮಿ.ಮೀ. ಆದರೆ 37.5 ಕಿಲೋ. ಮರದ ಬಾಗಿಲಿಗೆ ದಾರಂದ ಇರುತ್ತದೆ, ಭಾರವನ್ನು ಅದು ಹೊರುತ್ತದೆ. ಚೌಕಟ್ಟಿಲ್ಲದ ಗಾಜಿನ ಬಾಗಿಲಿಗೆ ಇರುವುದು ಎರಡು ಬಿಜಾಗರಿ, ಅವುಗಳ ಕೆಲವು ಸ್ಕ್ರೂಗಳು, ಅಷ್ಟೇ. ಬಾಗಿಲಿನ ಭಾರವೆಲ್ಲ ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ಹಗಲೂ ರಾತ್ರಿ ಗೋಡೆಯಿಂದ ಹೊರಕ್ಕೆ ಎಳೆಯುತ್ತಲೇ ಇರುತ್ತದೆ.

ಕಾಂಕ್ರೀಟ್ ಗೋಡೆಯಾದರೆ ತಡೆದುಕೊಳ್ಳುತ್ತದೆ. ಮುರಕಲ್ಲಿನ ಗೋಡೆಗೆ ಡ್ರಿಲ್ ಇಟ್ಟಾಗ ಪಕ್ಕದಲ್ಲಿ ನಿಂತು ನೋಡಿ. ಟೈಲ್ಸ್ ದಾಟುವವರೆಗೆ ಬಿಳಿ ಪುಡಿ, ಸಾರಣೆ ದಾಟುವವರೆಗೆ ಬೂದು ಪುಡಿ, ಕಲ್ಲು ಸಿಕ್ಕಿದೊಡನೆ ಕೆಂಪು. ಮಳೆಗಾಲದಲ್ಲಿ ಆ ಕೆಂಪು ಪುಡಿ ಉದುರುವುದೂ ಇಲ್ಲ, ಕೆಸರಾಗಿ ಡ್ರಿಲ್ಲಿನ ಸುರುಳಿಗೆ ಮೆತ್ತಿಕೊಂಡು ಬರುತ್ತದೆ. ಕಲ್ಲಿನೊಳಗೆ ಪೊಳ್ಳು ಸಿಕ್ಕಿದರಂತೂ ಡ್ರಿಲ್ ಒಮ್ಮೆಲೇ ಒಳಕ್ಕೆ ನುಗ್ಗುತ್ತದೆ. ಅಂಥ ತೂತಿಗೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ತಿರುಗಿಸಿದರೆ ಅದು ಬಿಗಿಯುವುದೇ ಇಲ್ಲ, ಪ್ಲಗ್ಗಿನ ಸಮೇತ ಸುತ್ತುತ್ತದೆ. ಬಿಗಿಯಾಗಲಿ ಎಂದು ಅರಳುವ ಬೋಲ್ಟ್ ಹಾಕಿದರೆ ಅದು ಅರಳುವ ಭರಕ್ಕೆ ಕಲ್ಲೇ ಸೀಳುತ್ತದೆ. ಕೂರಿಸಿದ ದಿನ ಬಾಗಿಲು ಚೆನ್ನಾಗಿಯೇ ಇರುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಬಾಗಿಲಿನ ತುದಿ ಕೆಳಗಿಳಿದು ನೆಲಕ್ಕೆ ತಾಗತೊಡಗುತ್ತದೆ. ಗಾಜಿನ ಅಂಚು ಟೈಲ್ಸಿಗೆ ತಾಗುವುದೆಂದರೆ ಅದರ ಅತ್ಯಂತ ದುರ್ಬಲ ಜಾಗಕ್ಕೆ ಪೆಟ್ಟು ಬಿದ್ದಂತೆಯೇ.

ಇನ್ನು ಅತ್ತೆಯವರ ವಿಷಯ. ಒದ್ದೆ ನೆಲದಲ್ಲಿ ಕಾಲು ಜಾರಿದಾಗ ಕೈ ಸಿಕ್ಕಿದ್ದನ್ನು ಹಿಡಿಯುತ್ತದೆ. ಗಾಜಿನ ಬಾಗಿಲಿಗೆ ಟವೆಲ್ ಹಾಕುವ ಉದ್ದನೆಯ ಹಿಡಿಕೆ ಇರುತ್ತದಲ್ಲ, ಅದು ಮನುಷ್ಯರ ಭಾರ ಹೊರಲು ಮಾಡಿದ್ದಲ್ಲ. ಹಿಡಿದುಕೊಂಡವರ ಕಡೆಗೇ ಬಾಗಿಲು ತಿರುಗುತ್ತದೆ. ಒಳಕ್ಕೆ ಮಾತ್ರ ತೆರೆಯುವ ಬಾಗಿಲಾದರೆ ಇನ್ನೂ ಕೆಟ್ಟದು. ಒಳಗೆ ಬಿದ್ದವರ ಮೈಯೇ ಅಡ್ಡವಾಗಿ ಹೊರಗಿನವರು ಬಾಗಿಲು ತೆರೆಯಲಾರರು. ಜಾರುವ ಬಾಗಿಲಿಗೆ ಈ ತೊಂದರೆ ಇಲ್ಲ, ಆದರೆ ಅದರ ಕೆಳಗಿನ ಹಳಿಗೆ ಕಾಲು ಎಡವುತ್ತದೆ. ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ ಸ್ನಾನ ಮಾಡುವವರು ಈಗಲೂ ಇದ್ದಾರೆ. ಎಣ್ಣೆ, ಪುಡಿ, ಕೂದಲು ಎಲ್ಲ ಸೇರಿ ಆ ಹಳಿಯಲ್ಲಿ ಕೂರುವ ಕೊಳೆಯನ್ನು ವಾರಕ್ಕೊಮ್ಮೆ ಕೆರೆಯುವವರು ಯಾರು? ಆ ಕೆಲಸ ಮನೆಯ ಹೆಂಗಸರ ತಲೆಗೇ ಬರುತ್ತದೆ. ಬಾಗಿಲು ಆರಿಸುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿಂತ ಗಾಜಿನಲ್ಲಿ ಇವೆರಡೂ ತೊಂದರೆ ಇಲ್ಲ. 80–90 ಸೆಂಟಿಮೀಟರ್ ಅಗಲದ, 10 ಮಿ.ಮೀ. ದಪ್ಪದ ಒಂದು ಗಾಜನ್ನು ನೆಲದಲ್ಲಿ ಕೂರಿಸಿದ ಲೋಹದ ಚಾನಲ್‌ನಲ್ಲಿ ನಿಲ್ಲಿಸಿ, ಒಂದು ಬದಿಯನ್ನು ಗೋಡೆಗೆ ಸೇರಿಸಿ, ಇನ್ನೊಂದು ಬದಿಯ ಮೇಲ್ತುದಿಯಿಂದ ಎದುರಿನ ಅಥವಾ ಪಕ್ಕದ ಗೋಡೆಗೆ ಒಂದು ಅಡ್ಡಸಲಾಕೆ ಕೊಟ್ಟರೆ ಮುಗಿಯಿತು. ಭಾರವೆಲ್ಲ ನೆಲದ ಮೇಲೆ. ಗೋಡೆ ಅದನ್ನು ನೆಟ್ಟಗೆ ಹಿಡಿದರೆ ಸಾಕು. ಓಡಾಡುವ ದಾರಿ ಕನಿಷ್ಠ 60 ಸೆಂಟಿಮೀಟರ್ ತೆರೆದಿರಲಿ; ಅತ್ತೆಯವರಿಗೆ ಸ್ನಾನ ಮಾಡಿಸಲು ಇನ್ನೊಬ್ಬರು ಒಳಗೆ ಹೋಗಬೇಕಾದ ದಿನ ಬಂದರೆ 75 ಆದರೂ ಬೇಕು. ನೀರು ಹೊರಗೆ ಸಿಡಿಯುವುದಿಲ್ಲವೇ ಎಂದು ಕೇಳುತ್ತೀರಿ. ಸ್ವಲ್ಪ ಸಿಡಿಯುತ್ತದೆ. ಶವರಿನ ತಲೆ ತೆರೆದ ದಾರಿಯ ಕಡೆಗೆ ಮುಖ ಮಾಡಿರಬಾರದು, ನೆಲದ ವಾಟ ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟು ಒಳಮುಖವಾಗಿರಬೇಕು. ಈ ವಾಟ ಸರಿಯಾಗಿದ್ದರೆ ಕಟ್ಟೆಯೂ ಬೇಡ, ಎಡವುವ ಭಯವೂ ಇಲ್ಲ. ಮೇಸ್ತ್ರಿ ಟೈಲ್ಸ್ ಒತ್ತಿದ ಸಂಜೆಯೇ ಒಂದು ಕೊಡ ನೀರು ಸುರಿಯಬೇಡಿ, ಸಿಮೆಂಟ್ ಗಟ್ಟಿಯಾಗಲಿ. ಆದರೆ ಕೂಲಿ ಲೆಕ್ಕ ಮುಗಿಸುವ ಮೊದಲು ಸುರಿದು, ನೀರು ಎಲ್ಲಿ ನಿಲ್ಲುತ್ತದೆ ಎಂದು ಖಂಡಿತ ನೋಡಿ.

ಇಷ್ಟು ಹೇಳಿದ ಮೇಲೂ ಬಾಗಿಲೇ ಬೇಕೆಂದಿದ್ದರೆ, ಅದಕ್ಕೂ ದಾರಿ ಇದೆ. ಟೈಲ್ಸ್ ಇನ್ನೂ ಹಾಕಿಲ್ಲ ಎಂದಿದ್ದೀರಿ, ಅದು ಒಳ್ಳೆಯದಾಯಿತು. ಬಿಜಾಗರಿ ಬರುವ ಕಡೆ ಮುರಕಲ್ಲನ್ನು ಕೊರೆದು, ಕಂಬಿ ಇಟ್ಟು ನೆಲದಿಂದ ಎರಡು ಮೀಟರ್ ಎತ್ತರದವರೆಗೆ ಕಾಂಕ್ರೀಟ್ ಪಟ್ಟಿ ತುಂಬಿಸಿ. ಅಥವಾ ಬಾಗಿಲಿನ ಭಾರವನ್ನು ನೆಲಕ್ಕೆ ಇಳಿಸುವ, ಮೇಲೆ ಕೆಳಗೆ ತಿರುಗುಗೂಟದ ಮೇಲೆ ನಿಲ್ಲುವ ಬಗೆಯನ್ನು ಆರಿಸಿ. ಟೈಲ್ಸ್ ಆಗಿಹೋದ ಮನೆಗಳಲ್ಲಿ ತೂತಿಗೆ ಜಾಲರಿ ಕೊಳವೆ ಸೇರಿಸಿ ಕೆಮಿಕಲ್ ಆ್ಯಂಕರ್ (ಬೋಲ್ಟನ್ನು ಕಲ್ಲಿಗೆ ಅಂಟಿಸಿ ಗಟ್ಟಿಯಾಗುವ ಗೋಂದು) ತುಂಬುವುದೊಂದೇ ನನಗೆ ನಂಬಿಕೆಯಿರುವ ಉಪಾಯ. ಬಾಗಿಲಿಗೆ 8 ಮಿ.ಮೀ. ಗಾಜು ಸಾಕು. ದಪ್ಪ ಹೆಚ್ಚಿದಷ್ಟೂ ಗಟ್ಟಿ ಎಂದು ಅಂಗಡಿಯವರು ಹೇಳಿದರೆ, ಆ ಹೆಚ್ಚಿನ ಏಳೂವರೆ ಕಿಲೋ ಹೊರುವವರು ಯಾರು ಎಂದು ಕೇಳಿ. ಬಾಗಿಲು ಹೊರಕ್ಕೆ ತೆರೆಯಲೇಬೇಕು.

ಗಾಜು ಯಾವುದೇ ಬಗೆಯದಿರಲಿ, ಟಫನ್ಡ್ ಆಗಿರಬೇಕು. 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸಿದ ಗಾಜು ಅದು. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಒಡೆದರೂ ಕತ್ತಿಯಂಥ ಚೂರಾಗದೆ ಕಲ್ಲುಪ್ಪಿನ ಹರಳಿನಂತೆ ಉದುರುತ್ತದೆ. ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇರಬೇಕು; ಐಎಸ್ 2553 ಎಂಬ ಭಾರತೀಯ ಮಾನಕದ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಮುದ್ರೆ ಟೈಲ್ಸಿನ ಕಡೆ ಮುಚ್ಚಿಹೋಗದಂತೆ ಕೂರಿಸಲು ಹೇಳಿ. ಅಪರೂಪಕ್ಕೊಮ್ಮೆ ಟಫನ್ಡ್ ಗಾಜು ಯಾರೂ ಮುಟ್ಟದಿದ್ದರೂ ಸಿಡಿಯುವುದುಂಟು. ಗಾಜಿನೊಳಗೆ ಉಳಿದ ನಿಕಲ್ ಸಲ್ಫೈಡಿನ ಸೂಕ್ಷ್ಮ ಕಣ ಕಾಲಾಂತರದಲ್ಲಿ ಹಿಗ್ಗುವುದು ಅದಕ್ಕೆ ಒಂದು ಕಾರಣ, ಕೂರಿಸುವಾಗ ಅಂಚಿಗೆ ತಾಗಿದ ಪೆಟ್ಟು ಇನ್ನೊಂದು. ಕಾರ್ಖಾನೆಯಲ್ಲಿ ಕೆಲವು ಗಂಟೆ ಮತ್ತೆ ಬಿಸಿಯಲ್ಲಿಟ್ಟು ಪರೀಕ್ಷಿಸಿದ ಗಾಜು ಸಿಕ್ಕಿದರೆ ಮೊದಲನೆಯ ಭಯ ಬಹಳ ಕಡಿಮೆಯಾಗುತ್ತದೆ. ಎರಡನೆಯದಕ್ಕೆ ನೀವೇ ಕಾವಲು. ಗಾಜು ಬಂದ ದಿನ ಅದನ್ನು ಬರಿಯ ನೆಲಕ್ಕೆ ಊರಲು ಬಿಡಬೇಡಿ, ಕೆಳಗೆ ಮರದ ತುಂಡೋ ಹಳೆಯ ಗೋಣಿಯೋ ಹಾಕಿಸಿ.

ಟಫನ್ಡ್ ಆದ ಮೇಲೆ ಗಾಜನ್ನು ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಆದ್ದರಿಂದ ಟೈಲ್ಸ್ ಪೂರ್ತಿ ಮುಗಿದ ಮೇಲೆಯೇ ಅಳತೆ. ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಗಲ ಅಳೆಯಬೇಕು, ಗೋಡೆಗೆ ತೂಗುಗುಂಡು ಬಿಟ್ಟು ನೋಡಬೇಕು. ಹಳೆಯ ಗೋಡೆ ನೆಟ್ಟಗಿರುವುದು ಕಡಿಮೆ. ಮುಂಚೆಯೇ ಅಳತೆ ಕೊಟ್ಟರೆ ಬೇಗ ಮುಗಿಯುತ್ತದೆ ಎನ್ನುವವರ ಮಾತಿಗೆ ಒಪ್ಪಬೇಡಿ.

ಲೋಹದ ಭಾಗಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕುಂಬಳೆ, ಮಂಜೇಶ್ವರದ ಹಾಗೆ ಕಡಲಿಗೆ ಹತ್ತಿರದ ಮನೆಯಾಗಿದ್ದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಹೇಳುತ್ತಿದ್ದೆ. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪುಗಾಳಿಯನ್ನು ತಡೆಯುತ್ತದೆ. ನಿಮ್ಮ ಕಡೆಗೆ 304 ಸಾಕು. ಅಯಸ್ಕಾಂತ ಹಿಡಿದು ಪರೀಕ್ಷಿಸುವ ಉಪಾಯ ಇಲ್ಲಿ ನಡೆಯದು, ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅದರ ಹತ್ತಿರ ಬರಬಾರದು, ಎಂಥ ಸ್ಟೀಲಿಗೂ ಅದು ಕಲೆ ಹಿಡಿಸುತ್ತದೆ. ಸಂದು ಮುಚ್ಚುವ ಸಿಲಿಕೋನ್ ಹಚ್ಚುವಾಗ ವಿನೆಗರಿನ ವಾಸನೆ ಬಂದರೆ ಅದು ಲೋಹಕ್ಕೆ ಒಗ್ಗದ ಬಗೆ. ನ್ಯೂಟ್ರಲ್ ಎಂದು ಬರೆದದ್ದನ್ನೇ ತರಿಸಿ. ನೀರು ಬಾವಿಯದೋ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ್ದೋ ಆದರೆ ಗಾಜಿನ ಮೇಲೆ ಬಿಳಿ ಕಲೆ ಅಷ್ಟಾಗಿ ಕೂರುವುದಿಲ್ಲ. ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರಾದರೆ ದಿನವೂ ಸ್ನಾನವಾದ ಮೇಲೆ ರಬ್ಬರ್ ವೈಪರಿನಿಂದ ಒಮ್ಮೆ ಎಳೆಯಲೇಬೇಕು. ಗಾಜನ್ನು ಮಾಡಿನವರೆಗೆ ಏರಿಸಬೇಡಿ, ಎರಡು ಮೀಟರಿಗೆ ನಿಲ್ಲಿಸಿ. ಮಳೆ ಜೋರಾಗಿರುವ ಆಟಿ ತಿಂಗಳಿನಲ್ಲಿ ಹಬೆ ಹೊರಹೋಗದಿದ್ದರೆ ಮೂಲೆಗಳೆಲ್ಲ ಕಪ್ಪಾಗುತ್ತವೆ.

ಅತ್ತೆಯವರಿಗೆ ಹಿಡಿದುಕೊಳ್ಳಲು ಗೋಡೆಗೆ ಬೇರೆಯೇ ಒಂದು ಸ್ಟೀಲ್ ಸಲಾಕೆ ಬೇಕು, ನೆಲದಿಂದ 80–90 ಸೆಂಟಿಮೀಟರ್ ಎತ್ತರದಲ್ಲಿ. ಅದು ಬರುವ ಜಾಗದಲ್ಲಿಯೂ ಮುರಕಲ್ಲು ಕೊರೆದು ಕಾಂಕ್ರೀಟ್ ತುಂಬಿಸಿ, ಈಗಲೇ. ಗಾಜಿಗೆ ದುಡ್ಡು ಸಾಲದೆ ಹೋದರೆ ಗಾಜನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಸಲಾಕೆಯನ್ನಲ್ಲ. ಆರ್ಡರ್ ಕೊಡುವ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಗಾಜಿನ ಗೆರೆ ಎಳೆದು, ಒಳಗೆ ಬಕೆಟ್, ಚೊಂಬು, ಕೂರುವ ಸ್ಟೂಲ್ ಎಲ್ಲವನ್ನೂ ಇಟ್ಟು ಅತ್ತೆಯವರನ್ನೇ ಒಳಗೆ ನಡೆಸಿ ನೋಡಿ. ಕೂತು ಚೊಂಬು ಎತ್ತಿದಾಗ ಮೊಣಕೈ ಗೆರೆ ದಾಟುತ್ತಿದ್ದರೆ ಗಾಜನ್ನು ಇನ್ನೂ ಹತ್ತು ಸೆಂಟಿಮೀಟರ್ ಆಚೆಗೆ ಸರಿಸಿ.