ಇಬ್ಬರೂ ಏಸು ಕಡೆಯವರೇ ಅಲ್ವಾ, ಮತ್ಯಾಕೆ ಜಗಳ?

ಪ್ರಶ್ನೆ: ಮೇಡಂ, ನಮ್ಮ ಮಗಳು ಅಳಿಯ ಕೆನಡಾದ ಸಸ್ಕಾಚೆವಾನ್‌ನಲ್ಲಿದ್ದಾರೆ, ಹೋದ್ ಬೇಸಿಗೆಗೆ ಹೋಗಿ ಮೂರು ತಿಂಗಳು ಇದ್ದು ಬಂದ್ವಿ. ಎತ್ತ ನೋಡಿದ್ರೂ ಗೋಧಿ ಹೊಲ, ಥೇಟ್ ನಮ್ಮ ಬಯಲುಸೀಮೆ. ಪಕ್ಕದ್ಮನೆ ಅಜ್ಜಿ ಒಂದಿನ ಮಾತಾಡ್ತಾ, ಅವರಮ್ಮ ಚಿಕ್ಕವರಿದ್ದಾಗ ಕ್ಯಾಥೊಲಿಕ್ ಮಕ್ಕಳ ಜೊತೆ ಆಡೋಕೂ ಬಿಡ್ತಿರ್ಲಿಲ್ಲ, ಮುಸುಕು ಹಾಕ್ಕೊಂಡವರು ಬಂದು ಶಿಲುಬೆ ಸುಟ್ಟಿದ್ರು ಅಂದ್ರು. ನನಗೆ ತಲೆಬುಡ ಅರ್ಥ ಆಗ್ಲಿಲ್ಲ. ಎಲ್ಲಾ ಕ್ರಿಶ್ಚಿಯನ್ನೇ ತಾನೇ? ಶಿವಾಜಿನಗರದ ಮೇರಿ ಬಸಿಲಿಕಾಗೂ ಹೋಗಿ ಕ್ಯಾಂಡಲ್ ಹಚ್ಚಿದೀವಿ, ದಿನಾ ಹಡ್ಸನ್ ಚರ್ಚ್ ಮುಂದೆನೇ ಓಡಾಡಿದೀವಿ, ಅವೆರಡೂ ಬೇರೆ ಬೇರೆ ಅಂತಾನೇ ಗೊತ್ತಿರ್ಲಿಲ್ಲ.
– ಒಬ್ಬ ಓದುಗರು, ರಾಜಾಜಿನಗರ

ಉತ್ತರ: ಸರ್, ನಮ್ಮಲ್ಲಿ ಹೆಣ್ಣು ನೋಡೋಕೆ ಹೋದಾಗ ಜಾತಿ ಒಂದೇ ಅಂತ ಗೊತ್ತಾದ್ಮೇಲೂ 'ಯಾವ ಪಂಗಡ' ಅಂತ ಕೇಳ್ತಾರಲ್ಲ, ಹೊರಗಿನವನಿಗೆ ಎಲ್ಲಾ ಒಂದೇ, ಒಳಗಿರೋರಿಗೆ ಆಕಾಶ ಭೂಮಿ ವ್ಯತ್ಯಾಸ, ಅಲ್ಲೂ ಅದೇ ಕಥೆ. ಮೇರಿ ಬಸಿಲಿಕಾ ಕ್ಯಾಥೊಲಿಕ್ಕು, ಹಡ್ಸನ್ ಚರ್ಚು ಪ್ರಾಟೆಸ್ಟೆಂಟು. ಆದ್ರೆ ಆ ಬಯಲಲ್ಲಿ ಜಗಳ ದೇವರ ವಿಷಯಕ್ಕಿಂತ ಸ್ಕೂಲು ಮತ್ತೆ ಭಾಷೆ ವಿಷಯಕ್ಕೇ ಜಾಸ್ತಿ ಆಗಿದ್ದು ಅಂತ ನನಗನ್ಸುತ್ತೆ.

ಅಲ್ಲಿಗೆ ಜನ ಬಂದಿದ್ದೇ ಗುಂಪು ಗುಂಪಾಗಿ. ಬ್ರಿಟನ್ ಮೂಲದ ಪ್ರಾಟೆಸ್ಟೆಂಟರು ಒಂದ್ಕಡೆ, ಗ್ರಾವೆಲ್‌ಬರ್ಗ್ ಕಡೆ ಫ್ರೆಂಚ್ ಮಾತಾಡೋ ಕ್ಯಾಥೊಲಿಕ್ರು, ಹಂಬೋಲ್ಟ್ ಹತ್ರ 1903ರಿಂದ ಜರ್ಮನ್ ಕ್ಯಾಥೊಲಿಕ್ರು, ಅದರ ಮೇಲೆ ಯುಕ್ರೇನು ಪೋಲೆಂಡಿನವರು. ಪ್ರಾಟೆಸ್ಟೆಂಟರಿಗೆ ಭಯ ಏನಂದ್ರೆ, ಇವರಿಗೆಲ್ಲ ರೋಮ್‌ನಲ್ಲಿರೋ ಪೋಪ್ ಹೇಳಿದ್ದೇ ವೇದವಾಕ್ಯ, ನಾಳೆ ಇವರೇ ಜಾಸ್ತಿ ಆಗ್ಬಿಟ್ರೆ ನಮ್ಮ ಇಂಗ್ಲಿಷಿನ ಗತಿ ಏನು ಅಂತ. ಪಕ್ಕದ ಮ್ಯಾನಿಟೋಬದಲ್ಲಂತೂ 1890ರಲ್ಲೇ ಕ್ಯಾಥೊಲಿಕ್ ಸ್ಕೂಲ್‌ಗಳಿಗೆ ಸರ್ಕಾರಿ ದುಡ್ಡು ನಿಲ್ಲಿಸಿದ್ರು, ಫ್ರೆಂಚಿಗಿದ್ದ ಆಡಳಿತ ಭಾಷೆ ಸ್ಥಾನನೂ ಕಿತ್ತುಹಾಕಿದ್ರು, ಅದು ಇಡೀ ದೇಶದ ರಾಜಕೀಯನೇ ಅಲ್ಲಾಡಿಸ್ತು.

ಈಗ ನಿಮ್ಮ ಮುಸುಕಿನವರ ವಿಷಯ. ಅದು ಕು ಕ್ಲಕ್ಸ್ ಕ್ಲಾನ್ ಅನ್ನೋ ಅಮೆರಿಕ ಮೂಲದ ಬಿಳಿಯರ ಗುಂಪು. ಕರಿಯರ ಮೇಲೆ ದಾಳಿ ಮಾಡ್ತಿದ್ದೋರು ಅಂತ ನಾವು ಓದಿರ್ತೀವಿ, ಸಸ್ಕಾಚೆವಾನ್‌ನಲ್ಲಿ ಆಗ ಕರಿಯರಿದ್ದಿದ್ದೇ ಬೆರಳೆಣಿಕೆಯಷ್ಟು, ಹಾಗಾಗಿ ಅಲ್ಲಿ ಕೈಗೆ ಸಿಕ್ಕಿದ್ದು ಕ್ಯಾಥೊಲಿಕ್ರು ಮತ್ತೆ ಹೊರಗಿಂದ ಬಂದೋರು. 1926ರ ಕೊನೆಗೆ ಅಮೆರಿಕದ ಇಂಡಿಯಾನಾದಿಂದ ಇಬ್ಬರು ಬಂದು ಊರೂರು ಸುತ್ತಿ, ತಲೆಗೆ 13 ಡಾಲರ್ ಮೆಂಬರ್‌ಶಿಪ್ ಫೀಸ್ ಕಿತ್ತು, 1927ರಲ್ಲಿ ಮೂಸ್ ಜಾ ಅನ್ನೋ ಊರಲ್ಲಿ ಸಾವಿರಾರು ಜನ ಸೇರಿಸಿ ಶಿಲುಬೆಗೆ ಬೆಂಕಿ ಹಚ್ಚಿದ್ರು (ಶಿಲುಬೆಗೆ ಅವಮಾನ ಮಾಡೋಕಲ್ಲ ಮತ್ತೆ, ಅವರ ಪ್ರಕಾರ ಅದು 'ಬೆಳಗಿಸೋದು'!), ಆಮೇಲೆ ಅದೇ ವರ್ಷ ದುಡ್ಡೆಲ್ಲಾ ಬಾಚ್ಕೊಂಡು ಇಬ್ಬರೂ ಪರಾರಿ. ನಮ್ಮೂರ ಚೀಟಿ ಕಂಪನಿ ನೆನಪಾಯ್ತಾ? ಚೀಟಿಯವನು ಓಡಿಹೋದ್ರೆ ಚೀಟಿ ಮುಗೀತು, ಇಲ್ಲಿ ಹಾಗಾಗ್ಲಿಲ್ಲ, ಊರಿನವರೇ ಸಂಘಟನೆ ಮುಂದುವರಿಸಿದ್ರು, ಅದರಲ್ಲಿ ಚರ್ಚಿನ ಪಾಸ್ಟರ್‌ಗಳೂ ಇದ್ರು.

ಮುಖ್ಯಮಂತ್ರಿ ಜೇಮ್ಸ್ ಗಾರ್ಡಿನರ್ ಇವರ ವಿರುದ್ಧ ಸದನದಲ್ಲೇ ಗುಡುಗಿದ್ರು. ಆದ್ರೆ 1929ರ ಚುನಾವಣೆ ಆದ್ಮೇಲೆ, 1905ರಿಂದ ಒಂದೇ ಸಮ ಆಳಿದ್ದ ಅವರ ಲಿಬರಲ್ ಪಕ್ಷ ಅಧಿಕಾರ ಕಳ್ಕೊಳ್ತು, ಆಂಡರ್ಸನ್ ಅನ್ನೋರು ಮುಖ್ಯಮಂತ್ರಿ ಆಗಿ ಬಂದ್ರು. 1930ರಲ್ಲಿ ಪಬ್ಲಿಕ್ ಸ್ಕೂಲ್ (ಅಲ್ಲಿ ಹಾಗಂದ್ರೆ ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೆ) ಗೋಡೆ ಮೇಲೆ ಶಿಲುಬೆ ಇರಬಾರದು, ಕನ್ಯಾಸ್ತ್ರೀಯರು ತಮ್ಮ ಉಡುಪಲ್ಲಿ ಪಾಠ ಮಾಡಬಾರದು ಅಂತ ಕಾನೂನು ತಿದ್ದಿದ್ರು. ಇಡೀ ಊರೇ ಕ್ಯಾಥೊಲಿಕ್ ಇದ್ದ ಕಡೆ ಪಬ್ಲಿಕ್ ಸ್ಕೂಲಲ್ಲೂ ಸಿಸ್ಟರ್‌ಗಳೇ ಟೀಚರ್ಸು, ಅದಕ್ಕೇ ಇದು ನೇರ ಅವರಿಗೇ ತಗಲ್ತು. ನನಗೆ ಮುಸುಕಿನವರಿಗಿಂತ ಇದೇ ಹೆಚ್ಚು ಚುಚ್ಚೋದು, ಯಾಕಂದ್ರೆ ಇದನ್ನ ಮಾಡಿದೋರು ಕೋಟು ಟೈ ಹಾಕಿದ್ದ ಮರ್ಯಾದಸ್ಥರು, ಹಗಲು ಹೊತ್ತಲ್ಲಿ, ಕೈ ಎತ್ತಿ ವೋಟ್ ಹಾಕಿ. ನಾನೂ ಕಾನ್ವೆಂಟಲ್ಲಿ ಓದಿದವಳು, ಸಿಸ್ಟರ್ ಕೈಲಿ ಸ್ಕೇಲ್ ಏಟು ತಿಂದಿದೀನಿ, ಅವರ ಮೇಲೆ ನನ್ನ ಸಿಟ್ಟು ಬೇರೆ, ಆದ್ರೆ ಬಟ್ಟೆ ಮೇಲಲ್ಲ!

1934ರಲ್ಲಿ ಆಂಡರ್ಸನ್ ಪಕ್ಷಕ್ಕೆ ಒಂದೇ ಒಂದು ಸೀಟೂ ಬರ್ಲಿಲ್ಲ. ಕ್ಯಾಥೊಲಿಕ್ರ ಮೇಲೆ ಪ್ರೀತಿ ಉಕ್ಕಿ ಅಂತಲ್ಲ, ಬರಗಾಲ, ಗೋಧಿ ರೇಟು ನೆಲಕಚ್ಚಿತ್ತು, ಹೊಟ್ಟೆಗಿಲ್ದಾಗ ಪೋಪ್ ಚಿಂತೆ ಯಾರಿಗೆ.

ಪ್ರಶ್ನೆ: ಇನ್ನೊಂದು ಮೇಡಂ, ಅಮೆರಿಕ ಕಡೆಯ ಹಳ್ಳಿಗಳಲ್ಲೂ ಹೀಗೇ ಇತ್ತಾ?

ಉತ್ತರ: ಇನ್ನೂ ಮುಂಚೇನೇ ಇತ್ತು. ಅಯೋವಾದ ಕ್ಲಿಂಟನ್ ಊರಲ್ಲಿ 1887ರಲ್ಲಿ ಒಂದು ಸಂಘ ಶುರುವಾಯ್ತು, ಸೇರಬೇಕಂದ್ರೆ ಕ್ಯಾಥೊಲಿಕ್ಕರಿಗೆ ವೋಟ್ ಹಾಕಲ್ಲ, ಕೆಲಸ ಕೊಡಲ್ಲ ಅಂತ ಆಣೆ ಮಾಡಬೇಕು. 1893ರಲ್ಲಿ ಪೋಪ್ ಬರೆದಿದ್ದು ಅಂತ ಒಂದು ನಕಲಿ ಪತ್ರ ಹಂಚಿದ್ರು, ಇಂಥಾ ದಿನ ಪ್ರಾಟೆಸ್ಟೆಂಟರನ್ನೆಲ್ಲ ಮುಗಿಸಿ ಅಂತ ಅದರಲ್ಲಿತ್ತು, ಈಗಿನ ವಾಟ್ಸಾಪ್ ಫಾರ್ವರ್ಡ್ ಥರಾನೇ. ಆ ದಿನ ಬಂತು, ಹೋಯ್ತು, ಏನೂ ಆಗ್ಲಿಲ್ಲ. ಇನ್ನು ನಾರ್ತ್ ಡಕೋಟಾದಲ್ಲಿ 1948ರಷ್ಟು ಈಚೆಗೆ ಜನರೇ ವೋಟ್ ಹಾಕಿ, ಪಬ್ಲಿಕ್ ಸ್ಕೂಲಲ್ಲಿ ಧಾರ್ಮಿಕ ಉಡುಪು ಬೇಡ ಅಂತ ಕಾನೂನು ತಂದ್ರು. ಬಿಷಪ್‌ಗಳು ಸಿಸ್ಟರ್‌ಗಳಿಗೆ ಮಾಮೂಲಿ ಬಟ್ಟೆ ಹಾಕ್ಕೊಳ್ಳಿ ಪರವಾಗಿಲ್ಲ ಅಂದ್ಬಿಟ್ರು, ಅವರು ಹಾಗೇ ಹೋಗಿ ಪಾಠ ಮಾಡಿದ್ರು.