ದೊಡ್ಡ ಫೈಲ್ ಓದುವುದು ನಿಧಾನ: ಫೈಲ್ ಸಿಸ್ಟಮ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಲಿನಕ್ಸ್ ಸರ್ವರ್, ಎನ್‌ವಿಎಂಇ ಎಸ್‌ಎಸ್‌ಡಿ, ಅದರ ಮೇಲೆ ಎಕ್ಸ್‌ಟಿ4 ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ). ಲಾಗ್ ಫೈಲುಗಳು ಒಂದೊಂದೂ 40 ಜಿಬಿ. ಡ್ರೈವ್ ಸೆಕೆಂಡಿಗೆ 3,500 ಎಂಬಿ ಓದುತ್ತದೆ ಅಂತ ಕಂಪನಿ ಹೇಳುತ್ತದೆ, ನಿಮ್ಮ ಪ್ರೋಗ್ರಾಂ 300 ದಾಟುತ್ತಿಲ್ಲ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ಗೆ ಹೋದರೆ ಸರಿಹೋಗುತ್ತಾ?

ಹೋಗಲ್ಲ. ದೊಡ್ಡ ಫೈಲನ್ನು ಮೊದಲಿಂದ ಕೊನೆವರೆಗೆ ಸಾಲಾಗಿ ಓದುವಾಗ ಫೈಲ್ ಸಿಸ್ಟಮ್‌ಗೆ ಇರುವ ಕೆಲಸವೇ ಕಡಿಮೆ. ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ಫೈಲನ್ನು ಎಕ್ಸ್‌ಟೆಂಟ್‌ಗಳಲ್ಲಿ, ಅಂದರೆ ಡಿಸ್ಕ್ ಮೇಲೆ ಒಂದೇ ಕಡೆ ಸಾಲಾಗಿರುವ ತುಂಡುಗಳಲ್ಲಿ ಇಡುತ್ತವೆ. ಎಕ್ಸ್‌ಟಿ4ನಲ್ಲಿ ಒಂದು ಎಕ್ಸ್‌ಟೆಂಟ್ 128 ಎಂಬಿವರೆಗೂ ಇರಬಹುದು, ಅಂದರೆ ಎಲ್ಲ ಚೆನ್ನಾಗಿದ್ದರೆ ನಿಮ್ಮ ಇಡೀ ಫೈಲಿಗೆ 320 ಸಾಕು. ಅಷ್ಟನ್ನು ಹುಡುಕಿ ತೆಗೆಯೋದಕ್ಕೆ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಹಿಡಿಯುವ ಸಮಯ ಲೆಕ್ಕಕ್ಕೇ ಬರಲ್ಲ. ಡೇಟಾ ಎಲ್ಲ ಬ್ಯಾಕಪ್ ತೆಗೆದು, ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿಸಿ, ಕೊನೆಗೆ ಅದೇ 300 ನೋಡಬೇಕಾಗುತ್ತೆ.

ಮೊದಲು ಅಳತೆ ಸರಿಯಾಗಿ ಮಾಡಿ. ಒಂದು ಸಲ ಓದಿದ ಫೈಲ್ ಪೇಜ್ ಕ್ಯಾಶ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಕೂತಿರುತ್ತೆ, ಎರಡನೇ ಸಲ ನೀವು ಅಳೆಯುವುದು ರ‍್ಯಾಮ್ ವೇಗವನ್ನು. ಸಿಂಕ್ ಕಮಾಂಡ್ ಕೊಟ್ಟು, ಆಮೇಲೆ ಆ ಕ್ಯಾಶ್ ಖಾಲಿ ಮಾಡಲು ಕರ್ನಲ್‌ನ ಡ್ರಾಪ್ ಕ್ಯಾಶಸ್ ಫೈಲಿಗೆ 3 ಬರೆದು, ಆಮೇಲೆ ಅಳೆಯಿರಿ. ಬೇರೆಯವರು ಬಳಸುತ್ತಿರುವ ಸರ್ವರ್ ಆದರೆ ಸ್ವಲ್ಪ ಹೊತ್ತು ಅವರಿಗೂ ನಿಧಾನ ಆಗುತ್ತೆ, ಹೇಳಿಯೇ ಮಾಡಿ.

ಈಗ ನಿಮ್ಮ ಪ್ರೋಗ್ರಾಂ ಪಕ್ಕಕ್ಕಿಟ್ಟು ಅದೇ ಫೈಲನ್ನು ಡಿಡಿ ಎಂಬ ಕಾಪಿ ಕಮಾಂಡ್‌ನಿಂದ ಓದಿಸಿ. ಬ್ಲಾಕ್ ಸೈಜ್ 1 ಎಂಬಿ, ಇನ್‌ಪುಟ್‌ಗೆ ಡೈರೆಕ್ಟ್ ಫ್ಲ್ಯಾಗ್ (ಪೇಜ್ ಕ್ಯಾಶ್ ಬಿಟ್ಟು ಓದಲು), ಔಟ್‌ಪುಟ್ ಡೆವ್ ನಲ್‌ಗೆ (ಬಂದದ್ದನ್ನೆಲ್ಲ ಎಸೆಯುವ ಜಾಗ). ಇದಕ್ಕೂ 3,500 ಬರಲ್ಲ, ಬೇಜಾರಾಗಬೇಡಿ. ಕಂಪನಿ ಹೇಳುವ ಅಂಕಿ ಒಂದೇ ಸಲಕ್ಕೆ ಹತ್ತಾರು ಬೇಡಿಕೆ ಕ್ಯೂನಲ್ಲಿ ಇರುವಾಗಿನದು, ಡಿಡಿ ಒಂದು ಮುಗಿದ ಮೇಲೆ ಇನ್ನೊಂದು ಕೇಳುತ್ತದೆ. ಆದರೂ ಸಾವಿರದ ಮೇಲೆ ಬಂದರೆ ಡಿಸ್ಕ್ ಮತ್ತು ಫೈಲ್ ಸಿಸ್ಟಮ್ ಮೇಲಿನ ಅನುಮಾನ ಬಿಟ್ಟುಬಿಡಿ. ಡಿಡಿಗೂ 300 ಬಂದರೆ ಮಾತ್ರ ಡ್ರೈವ್, ಅದರ ಸ್ಲಾಟ್, ಮಧ್ಯದಲ್ಲಿರುವ ಎನ್‌ಕ್ರಿಪ್ಶನ್, ಇಂಥವನ್ನು ನೋಡಬೇಕು.

ನನ್ನ ಅಂದಾಜು ಏನಂದರೆ ಡಿಡಿ ಚೆನ್ನಾಗಿಯೇ ಓದುತ್ತೆ, ತಪ್ಪು ನಿಮ್ಮ ಪ್ರೋಗ್ರಾಂ ಡೇಟಾ ಕೇಳುವ ರೀತಿಯಲ್ಲಿದೆ. ಪ್ರೋಗ್ರಾಂ ಓಡುವಾಗ ಟಾಪ್ (ಸಿಪಿಯು ಬಳಕೆ ತೋರಿಸುವ ಕಮಾಂಡ್) ತೆರೆದು ನೋಡಿ. ಒಂದು ಕೋರ್ ಶೇ. 100ಕ್ಕೆ ಅಂಟಿಕೊಂಡಿದ್ದರೆ ಅದು ಓದಲು ಕಾಯುತ್ತಿಲ್ಲ, ಸಾಲು ಬಿಡಿಸುತ್ತಾ, ಯೂನಿಕೋಡ್‌ಗೆ ತಿರುಗಿಸುತ್ತಾ ಸುಸ್ತಾಗಿದೆ. ಫೈಲ್ ಜಿಜಿಪ್‌ನಿಂದ ಕುಗ್ಗಿಸಿದ್ದಾಗಿದ್ದರಂತೂ ಡಿಸ್ಕ್ ಮಾತೇ ಬೇಡ, ಬಿಚ್ಚುವ ಕೋರ್ ಒಂದೇ. ಅದನ್ನು ಜೆಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಕುಗ್ಗಿಸುವ ವಿಧಾನಕ್ಕೆ ಬದಲಿಸಿದರೆ ಬಿಚ್ಚುವುದು ಎಷ್ಟೋ ಬೇಗ ಆಗುತ್ತೆ.

ಆಮೇಲೆ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಕಮಾಂಡ್) ಹಚ್ಚಿ ಸ್ವಲ್ಪ ಹೊತ್ತು ನೋಡುತ್ತಾ ಕೂರಿ. ರೀಡ್, 4096 ಬೈಟ್. ಮತ್ತೆ ರೀಡ್, ಮತ್ತೆ 4096. ಪರದೆ ತುಂಬಾ ಅದೇ ಸಾಲು ಓಡುತ್ತಿದ್ದರೆ ಆ ಒಂದು ಫೈಲಿಗೆ ನಿಮ್ಮ ಪ್ರೋಗ್ರಾಂ ಒಂದು ಕೋಟಿಗಿಂತ ಜಾಸ್ತಿ ಸಲ ಕರ್ನಲ್ ಬಾಗಿಲು ತಟ್ಟುತ್ತದೆ. ಬಫರ್ (ಒಂದು ಸಲಕ್ಕೆ ಓದುವ ಅಳತೆ) 1 ಎಂಬಿ ಮಾಡಿ, ಅದು 40,960ಕ್ಕೆ ಇಳಿಯುತ್ತೆ. ಕರ್ನಲ್ ಮುಂದಿನದನ್ನು ತಾನೇ ಓದಿಟ್ಟುಕೊಳ್ಳುವುದರಿಂದ ಪ್ರತಿ ಕರೆಗೂ ಡಿಸ್ಕ್‌ಗೆ ಹೋಗಲ್ಲ ನಿಜ, ಆದರೆ ಕರೆಗೂ ಖರ್ಚಿದೆ ಅಲ್ವಾ? 1 ಎಂಬಿಯಿಂದ 4 ಎಂಬಿ ಒಳಗೆ ನಿಲ್ಲಿಸಿ, ಅದಕ್ಕಿಂತ ದೊಡ್ಡ ಬಫರ್‌ನಿಂದ ಸಾಮಾನ್ಯವಾಗಿ ಏನೂ ಸಿಗಲ್ಲ.

ಆ ಮುಂದೆ ಓದಿಡುವುದಕ್ಕೆ ರೀಡ್‌ಅಹೆಡ್ ಅಂತಾರೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಬರೀ 128 ಕೆಬಿ ಇರುತ್ತೆ, ಎನ್‌ವಿಎಂಇಗೆ ಇದು ತೀರಾ ಕಮ್ಮಿ. 2 ಅಥವಾ 4 ಎಂಬಿಗೆ ಏರಿಸಿ ಮತ್ತೆ ಅಳೆಯಿರಿ. ಒಂದು ಎಚ್ಚರ: ರೀಡ್‌ಅಹೆಡ್ ಬದಲಿಸುವ ಬ್ಲಾಕ್‌ಡೆವ್ ಕಮಾಂಡ್‌ನಲ್ಲಿ ಕೊಡುವ ಸಂಖ್ಯೆ ಕೆಬಿ ಅಲ್ಲ, 512 ಬೈಟ್‌ನ ಸೆಕ್ಟರ್‌ಗಳು. ಅಲ್ಲಿ 256 ಅಂದರೆ 128 ಕೆಬಿ, 4 ಎಂಬಿ ಬೇಕಿದ್ದರೆ 8192. ರೀಬೂಟ್ ಆದರೆ ಹೋಗಿಬಿಡುತ್ತೆ, ಉಳಿಸಿಕೊಳ್ಳಲು ಯುಡೆವ್ ರೂಲ್ (ಡ್ರೈವ್ ಕಂಡಾಗ ತಾನಾಗಿ ಜಾರಿಯಾಗುವ ಸೆಟ್ಟಿಂಗ್) ಬರೆಯಬೇಕು. ಅದೇ ಡ್ರೈವ್ ಮೇಲೆ ಡೇಟಾಬೇಸ್ ಇದ್ದರೆ ಇಷ್ಟು ಏರಿಸಬೇಡಿ, ಅದಕ್ಕೆ ಬೇಡದ್ದನ್ನೆಲ್ಲ ಓದಿ ತುಂಬಿಕೊಳ್ಳುವ ಸಾಧ್ಯತೆ ಇದೆ. ಆಗ ಪ್ರೋಗ್ರಾಂ ಒಳಗಿಂದಲೇ ಪೋಸಿಕ್ಸ್ ಫ್ಯಾಡ್ವೈಸ್ ಕರೆದು "ಸಾಲಾಗಿ ಓದುತ್ತೇನೆ" ಅಂತ ಹೇಳಿ. ಆ ಒಂದು ಫೈಲಿಗೆ ಮಾತ್ರ ರೀಡ್‌ಅಹೆಡ್ ದುಪ್ಪಟ್ಟಾಗುತ್ತೆ.

ನಿಜವಾದ ಜಿಗಿತ ಬೇಕಿದ್ದರೆ ಫೈಲನ್ನು ನಾಲ್ಕೋ ಎಂಟೋ ಭಾಗ ಮಾಡಿ, ಒಂದೊಂದು ಥ್ರೆಡ್‌ಗೆ ಒಂದೊಂದು ಭಾಗ ಕೊಟ್ಟು, ಪ್ರೀಡ್‌ನಿಂದ (ಫೈಲಿನ ಹೇಳಿದ ಜಾಗದಿಂದ ಓದುವ ಕರೆ) ಓದಿಸಿ. ಲಾಗ್ ಆದ್ದರಿಂದ ಭಾಗದ ಗಡಿಯಲ್ಲಿ ಸಾಲು ತುಂಡಾಗುತ್ತೆ. ಪ್ರತಿ ಥ್ರೆಡ್ ತನ್ನ ಮೊದಲ ಅರ್ಧ ಸಾಲು ಬಿಟ್ಟು, ಕೊನೆಯ ಸಾಲನ್ನು ಗಡಿ ದಾಟಿಯಾದರೂ ಪೂರ್ತಿ ಓದಿದರೆ ಆಯಿತು. ಮೊದಲ ಥ್ರೆಡ್ ಮಾತ್ರ ಏನೂ ಬಿಡಬಾರದು. ಎನ್‌ವಿಎಂಇಗೆ ಬೇಕಾಗಿರೋದೇ ಇದು, ಒಟ್ಟೊಟ್ಟಿಗೆ ಬರುವ ಬೇಡಿಕೆಗಳು, ಸಾಲು ಬಿಡಿಸುವ ಕೆಲಸವೂ ಕೋರ್‌ಗಳಿಗೆ ಹಂಚಿಹೋಗುತ್ತೆ. ತಿರುಗುವ ಹಾರ್ಡ್ ಡಿಸ್ಕ್ ಮೇಲೆ ಮಾತ್ರ ಇದನ್ನು ಮಾಡಬೇಡಿ, ಹೆಡ್ ಅಲ್ಲಿಂದಿಲ್ಲಿಗೆ ಓಡಾಡಿ ಮೊದಲಿಗಿಂತ ನಿಧಾನ ಆಗುತ್ತೆ. 5.1 ಕರ್ನಲ್‌ನಿಂದ ಬೇಡಿಕೆಗಳನ್ನು ಒಟ್ಟೊಟ್ಟಿಗೆ ಕಳಿಸುವ ಐಒ ಯೂರಿಂಗ್ ಎಂಬ ದಾರಿ ಇದೆ, ಆದರೆ ನಿಮ್ಮ ಕೆಲಸಕ್ಕೆ ಅದು ಮೂಗಿಗಿಂತ ಮೂಗುತಿ ಭಾರ.

ಎಂಮ್ಯಾಪ್ ಮಾಡಿ (ಫೈಲನ್ನು ನೇರವಾಗಿ ಪ್ರೋಗ್ರಾಂ ಮೆಮೊರಿಗೆ ಜೋಡಿಸಿಕೊಳ್ಳಿ) ಅಂತ ಯಾರಾದರೂ ಹೇಳೇ ಹೇಳ್ತಾರೆ. ಸಾಲಾಗಿ ಒಂದೇ ಸಲ ಓದುವ ಫೈಲಿಗೆ ಅದರಿಂದ ಲಾಭ ಇಲ್ಲ, ಪೇಜ್ ಫಾಲ್ಟ್‌ಗಳ ಖರ್ಚು ಸೇರಿಕೊಳ್ಳುತ್ತೆ ಅಷ್ಟೆ. ನೋಏಟೈಮ್ (ಫೈಲ್ ಓದಿದ ಸಮಯ ಬರೆದಿಡಬೇಡ ಎನ್ನುವ ಆಯ್ಕೆ) ಕೂಡ ಹಾಗೆಯೇ. 2009ರ 2.6.30 ಕರ್ನಲ್‌ನಿಂದ ಆ ಬರೆಯುವುದನ್ನು ತುಂಬಾ ಕಡಿಮೆ ಮಾಡುವ ರೆಲೇಟೈಮ್ ತಾನಾಗಿಯೇ ಇರುವುದರಿಂದ ಅಲ್ಲಿ ಉಳಿಸೋಕೆ ಏನೂ ಉಳಿದಿಲ್ಲ. ಫ್ರಾಗ್ಮೆಂಟೇಶನ್ (ಫೈಲ್ ಡಿಸ್ಕ್ ಮೇಲೆ ಚೂರುಚೂರಾಗಿ ಹರಡಿರುವುದು) ಅನುಮಾನ ಇದ್ದರೆ ತುಂಡುಗಳನ್ನು ಎಣಿಸುವ ಫೈಲ್‌ಫ್ರ್ಯಾಗ್ ಕಮಾಂಡ್ ಓಡಿಸಿ. ಕೆಲವು ನೂರು ತುಂಡು ಅಂತ ಬಂದರೆ ಸುಮ್ನೆ ಬಿಡಿ, ಲಕ್ಷಗಟ್ಟಲೆ ಬಂದರೆ ಆ ಫೈಲನ್ನು ಒಮ್ಮೆ ಕಾಪಿ ಮಾಡಿ, ಖಾಲಿ ಜಾಗ ಸಾಕಷ್ಟಿದ್ದರೆ ಹೊಸದು ಸಾಲಾಗಿ ಕೂರುತ್ತೆ.

ಡಿಡಿ ಕೊಟ್ಟ ಅಂಕಿ ಮತ್ತು ಟಾಪ್‌ನಲ್ಲಿ ಕಂಡ ಸಿಪಿಯು ಎರಡನ್ನೂ ಕೆಳಗೆ ಹಾಕಿ, ಪ್ರೋಗ್ರಾಂ ಯಾವ ಭಾಷೆಯಲ್ಲಿದೆ ಅಂತಲೂ ಹೇಳಿ. ಪೈಥಾನ್ ಆದರೆ ಥ್ರೆಡ್ ಬದಲು ಪ್ರೋಸೆಸ್‌ಗಳಿಗೆ ಹಂಚಬೇಕಾಗುತ್ತೆ.