ಹದಿನೈದನೇ ಸುತ್ತು ಯಾಕೆ ನಡೆಯಲಿಲ್ಲ, ಅದನ್ನು ಬರೆಯಿರಿ

ಸಿಂಧನೂರಿನ ಗೆಳೆಯರೆ,

ನಿಮ್ಮ ‘ಮನಿಲಾದ ಮಹಾಸಮರ’ ಲೇಖನ ತಲುಪಿದೆ. 1975ರ ಅಕ್ಟೋಬರ್ 1ರಂದು ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವೆ ನಡೆದ, ಹದಿನೈದು ಸುತ್ತಿಗೆ ಇಟ್ಟಿದ್ದ ಹೆವಿವೇಟ್ ಬಾಕ್ಸಿಂಗ್ ಪಂದ್ಯದ ಬಗ್ಗೆ ನಮ್ಮ ಕಡೆಯವರೊಬ್ಬರು ಬರೆದಿದ್ದಾರಲ್ಲ ಅಂತ ಖುಷಿಯಾಯಿತು. ಬಳ್ಳಾರಿಯ ಈ ಮೇಜಿಗೆ ಬರುವ ಕ್ರೀಡಾ ಬರಹಗಳೆಲ್ಲ ಹೆಚ್ಚುಕಮ್ಮಿ ಕ್ರಿಕೆಟ್ಟೇ. ಆದರೆ ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ‘ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ವಸ್ತು ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪುಗಳು. ಅಲಿ ಫ್ರೇಜಿಯರ್‌ನನ್ನು ‘ನೆಲಕ್ಕೆ ಕೆಡವಿ’ ಗೆದ್ದ ಅಂದಿದ್ದೀರಿ. ಇಲ್ಲ. ಆ ದಿನ ಇಬ್ಬರಲ್ಲಿ ಯಾರೂ ಏಟು ತಿಂದು ನೆಲಕ್ಕೆ ಬೀಳಲಿಲ್ಲ. 14ನೇ ಸುತ್ತು ಮುಗಿಸಿ ಫ್ರೇಜಿಯರ್ ತನ್ನ ಮೂಲೆಯ ಸ್ಟೂಲಿನ ಮೇಲೆ ಕೂತ. ತರಬೇತುದಾರ ಎಡ್ಡಿ ಫಚ್ ಮತ್ತೆ ಏಳಲು ಬಿಡಲಿಲ್ಲ. ಬಿದ್ದದ್ದು 1971ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಅದೂ ಅಲಿ! 15ನೇ ಸುತ್ತಿನಲ್ಲಿ ಫ್ರೇಜಿಯರ್‌ನ ಎಡಗೈ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು) ತಿಂದು. ಆ ಪಂದ್ಯ ಫ್ರೇಜಿಯರ್ ಗೆದ್ದ. 1974ರ ಜನವರಿಯ ಎರಡನೇ ಪಂದ್ಯ ಅಲಿ ಗೆದ್ದ. ಮನಿಲಾದ್ದು ಮೂರನೆಯದು. ನಿಮ್ಮ ಲೇಖನದಲ್ಲಿ ಮೂರೂ ಕಲಸಿಹೋಗಿವೆ. ಇನ್ನೊಂದು ಸಣ್ಣದು: ಪಂದ್ಯ ನಡೆದದ್ದು ಮನಿಲಾಕ್ಕೆ ಅಂಟಿಕೊಂಡ ಕೆಜಾನ್ ಸಿಟಿಯ ಅರನೆಟಾ ಕೊಲಿಸಿಯಂನಲ್ಲಿ.

ಮೊದಲ ಮೂರು ಪ್ಯಾರಾ ತೆಗೆದುಹಾಕಿ. ಸಿಂಹ, ಸಿಡಿಲು, ಕಾಳಿಂಗ ಸರ್ಪ ಎಲ್ಲಾ ಬಂದು ಹೋದ ಮೇಲೆ ನಾಲ್ಕನೇ ಪ್ಯಾರಾದಲ್ಲಿ ಬಾಕ್ಸರ್‌ಗಳು ಬರುತ್ತಾರೆ. ಅಷ್ಟು ಹೊತ್ತು ಯಾವ ಓದುಗ ಕಾಯುತ್ತಾನೆ?

ಸೆಕೆಯ ವಿಷಯಕ್ಕೆ ಬರೋಣ. ‘ಬಿಸಿಲಿನ ಬೇಗೆಯಲ್ಲಿ’ ಅಂತ ಎರಡೇ ಪದದಲ್ಲಿ ದಾಟಿಬಿಟ್ಟಿದ್ದೀರಿ. ರಾಯಚೂರು ಜಿಲ್ಲೆಯವರಾಗಿ ಹೀಗೆ ಮಾಡಬಹುದೇ! ಅಲ್ಲಿ ಬಿಸಿಲೇ ಇರಲಿಲ್ಲ, ಅದು ಒಳಾಂಗಣ. ಅಮೆರಿಕದವರು ರಾತ್ರಿ ಕೂತು ನೋಡಲಿ ಅಂತ ಪಂದ್ಯವನ್ನು ಅಲ್ಲಿನ ಬೆಳಗಿನ ಹೊತ್ತಿಗೆ ಇಟ್ಟಿದ್ದರು. ಕಿಕ್ಕಿರಿದ ಜನ, ತಲೆ ಮೇಲೆ ಟಿವಿಯವರ ದೀಪ, ಮೈಗೆ ಅಂಟುವ ತೇವದ ಗಾಳಿ. ನಮ್ಮ ಒಣ ಬಿಸಿಲೇ ಬೇರೆ, ಅದೇ ಬೇರೆ. ಮೇ ತಿಂಗಳಲ್ಲಿ ಕರೆಂಟ್ ಹೋದ ಕಲ್ಯಾಣ ಮಂಟಪದಲ್ಲಿ ಕೂತವರು ನೀವು. ಅದರೊಳಗೆ ಮೂರು ಮೂರು ನಿಮಿಷದ ಹದಿನಾಲ್ಕು ಸುತ್ತು ಬಡಿದಾಡುವುದು ಅಂದರೇನು, ಅದನ್ನು ಬರೆಯಿರಿ.

ಪಂದ್ಯದ ಓಟವನ್ನು ಮಾತ್ರ ಸರಿಯಾಗಿ ಹಿಡಿದಿದ್ದೀರಿ. ಮೊದಮೊದಲು ಅಲಿ ಕುಣಿಯದೆ ನಿಂತೇ ಹೊಡೆದದ್ದು, ಫ್ರೇಜಿಯರ್ ಕಥೆ ಮುಗಿದಿದೆ ಅಂದುಕೊಂಡಿದ್ದು. ನಡುವಿನ ಸುತ್ತುಗಳಲ್ಲಿ ಫ್ರೇಜಿಯರ್ ಅವನನ್ನು ಹಗ್ಗಕ್ಕೆ ಒತ್ತಿ ಪಕ್ಕೆಗೆ ಬಡಿದದ್ದು. 12ನೇ ಸುತ್ತಿನಿಂದ ಗಾಳಿ ಮತ್ತೆ ತಿರುಗಿದ್ದು. 13ರಲ್ಲಿ ಅಲಿಯ ಏಟಿಗೆ ಫ್ರೇಜಿಯರ್‌ನ ಬಾಯಿಯ ಗಾರ್ಡ್ ಹಾರಿ ಜನರ ನಡುವೆ ಬಿತ್ತು ಅಂತ ಒಂದೇ ಸಾಲಿನಲ್ಲಿ ಹೇಳಿದ್ದೀರಲ್ಲ, ನಿಮ್ಮ ಇಡೀ ಲೇಖನದಲ್ಲಿ ನನಗೆ ಹಿಡಿಸಿದ ಸಾಲು ಅದು. ವಿಶೇಷಣ ಒಂದೂ ಇಲ್ಲ, ನೋಡಿ.

ಈಗ ಮುಖ್ಯ ತಕರಾರು. ನೀವು ಗೆದ್ದವನ ಹಿಂದೆ ಓಡಿದ್ದೀರಿ. ಅಲಿಯ ಬಗ್ಗೆ ಲೋಕವೆಲ್ಲ ಬರೆದಿದೆ, ಇನ್ನೊಂದು ಜೈಕಾರ ಯಾರಿಗೆ ಬೇಕು? ಈ ಪಂದ್ಯದ ಕಥೆ 14ನೇ ಮತ್ತು 15ನೇ ಸುತ್ತಿನ ನಡುವಿನ ಒಂದು ನಿಮಿಷದಲ್ಲಿದೆ. ಅದೂ ಸೋತವನ ಮೂಲೆಯಲ್ಲಿ. ಫ್ರೇಜಿಯರ್‌ನ ಎಡಗಣ್ಣಿಗೆ ಮೊದಲಿಂದಲೂ ಸರಿಯಾಗಿ ಕಾಣುತ್ತಿರಲಿಲ್ಲ. ಆ ಗುಟ್ಟನ್ನು ಅವನು ಹೇಳಿಕೊಂಡದ್ದು ಎಷ್ಟೋ ವರ್ಷಗಳ ನಂತರ. ಬಲಗಣ್ಣಿನ ಮೇಲೆ ನಂಬಿಕೆಯಿಟ್ಟು ಆಡುತ್ತಿದ್ದ, ಆವತ್ತು ಅದು ಊದಿ ಮುಚ್ಚಿಕೊಳ್ಳುತ್ತಿತ್ತು. 14ನೇ ಸುತ್ತಿನಲ್ಲಿ ಅಲಿಯ ಬಲಗೈ ಬರುವುದೇ ಅವನಿಗೆ ಕಾಣಲಿಲ್ಲ. ಫಚ್ ಅವರಿಗೆ ಆಗ 64 ವರ್ಷ. ರಿಂಗಿನಲ್ಲಿ ಏಟು ತಿಂದು ಪ್ರಾಣ ಬಿಟ್ಟವರನ್ನು ಕಂಡಿದ್ದವರು. ಉಳಿದದ್ದು ಮೂರೇ ನಿಮಿಷ. ಹುಡುಗ ಬೇಡ ಬೇಡ, ಆಡ್ತೀನಿ ಅಂತಿದ್ದಾನೆ. ‘ಕೂತ್ಕೊಳ್ಳಪ್ಪಾ, ಮುಗೀತು. ಇವತ್ತು ನೀನಿಲ್ಲಿ ಮಾಡಿದ್ದನ್ನ ಯಾರೂ ಮರೆಯೋದಿಲ್ಲ’ ಅಂದರು. ಇದು ನಿಮ್ಮ ಲೇಖನದಲ್ಲಿ ಎಲ್ಲಿದೆ? ಕೊನೆಯಿಂದ ಎರಡನೇ ಸಾಲಿನಲ್ಲಿ, ‘ತರಬೇತುದಾರ ಕೈ ಚೆಲ್ಲಿದ’ ಅಂತ. ಕೈ ಚೆಲ್ಲಲಿಲ್ಲ, ಒಬ್ಬನನ್ನು ಉಳಿಸಿಕೊಂಡರು. ಎದುರು ಮೂಲೆಯ ಅಲಿಯೂ ಗೆದ್ದು ಎದ್ದುನಿಂತವನು ಅಲ್ಲೇ ಕುಸಿದ. ಸಾವಿಗೆ ಅಷ್ಟು ಹತ್ತಿರ ಯಾವತ್ತೂ ಹೋಗಿರಲಿಲ್ಲ ಅಂತ ಆಮೇಲೆ ಹೇಳಿದ.

ಹಿಂದೆ ವಿಶ್ವ ಪ್ರಶಸ್ತಿ ಪಂದ್ಯಗಳು 15 ಸುತ್ತು ಇದ್ದವು, ಈಗ 12 ಯಾಕೆ ಅಂತ ನಮ್ಮ ಓದುಗರು ಕೇಳೇ ಕೇಳುತ್ತಾರೆ. 1982ರಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ಸುತ್ತಿನಲ್ಲಿ ಬಿದ್ದವನು ಕೆಲವೇ ದಿನದಲ್ಲಿ ತೀರಿಕೊಂಡ. ಆಮೇಲೆ ವಿಶ್ವ ಬಾಕ್ಸಿಂಗ್ ಮಂಡಳಿ (ಡಬ್ಲ್ಯೂಬಿಸಿ) ಸುತ್ತುಗಳನ್ನು 12ಕ್ಕೆ ಇಳಿಸಿತು, ಉಳಿದವರೂ ಹಿಂಬಾಲಿಸಿದರು. ಫಚ್ ಮಾಡಿದ್ದು ಸರಿಯೋ ತಪ್ಪೋ ಅಂತ ಈಗಲೂ ವಾದ ಮಾಡುವವರಿಗೆ ಇಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಾಗಿದ್ದರೆ ಬೇರೆಯೇ ಬರೆಯಿರಿ, ಆದರೆ ಏನಾದರೂ ಒಂದು ಹೇಳಿ.

ಇನ್ನೊಂದು ನನಗೆ ಚುಚ್ಚಿತು. ಅಲಿ ಫ್ರೇಜಿಯರ್‌ನನ್ನು ಗೊರಿಲ್ಲಾ ಅಂತ ಹಂಗಿಸಿದ್ದನ್ನು ನೀವು ತಮಾಷೆಯ ಪ್ರಸಂಗವಾಗಿ ಬರೆದು ನಗಿಸಲು ಹೋಗಿದ್ದೀರಿ. ಅಲಿ ಸೇನೆಗೆ ಸೇರಲ್ಲ ಅಂದು ಬಾಕ್ಸಿಂಗ್ ಲೈಸೆನ್ಸ್ ಕಳೆದುಕೊಂಡಿದ್ದಾಗ ಅವನ ಪರವಾಗಿ ಮಾತಾಡಿದವನು, ದುಡ್ಡೂ ಕೊಟ್ಟವನು ಇದೇ ಫ್ರೇಜಿಯರ್. ಸೌತ್ ಕೆರೊಲಿನಾದ ಬಡ ರೈತರ ಮನೆಯ ಹುಡುಗ. ಚಿಕ್ಕವನಿದ್ದಾಗ ಹಂದಿ ಅಟ್ಟಿಸಿಕೊಂಡು ಬಂದು, ಬಿದ್ದು ಎಡಗೈ ಪೆಟ್ಟಾಗಿತ್ತು. ಆ ಕೈ ಮತ್ತೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಅಲಿಯನ್ನು ಕೆಡವಿದ ಹುಕ್ ಅದೇ ಡೊಂಕು ಕೈಯಿಂದ ಬಂದದ್ದು. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೂಲಿ ಮಾಡುತ್ತಲೇ ಬಾಕ್ಸಿಂಗ್ ಕಲಿತ, 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ. ಇಂಥವನಿಗೆ ಅದು ತಮಾಷೆಯಾಗಿ ಕೇಳಿಸಿತಾ? ಎಷ್ಟೋ ವರ್ಷ ಅವನು ಆ ಸಿಟ್ಟು ಬಿಡಲಿಲ್ಲ. ಅಲಿಯನ್ನು ಮೆಚ್ಚಿ, ಯಾರೂ ಬೇಡ ಅನ್ನೋಲ್ಲ. ಆದರೆ ಇದನ್ನೂ ಪಕ್ಕದಲ್ಲೇ ಇಡಿ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ನೀವು ಬಾಕ್ಸಿಂಗನ್ನು ಫೋನಿನಲ್ಲಿ ಮಾತ್ರ ನೋಡಿದವರು ಅಂತ ಲೇಖನವೇ ಹೇಳುತ್ತದೆ, ಸದ್ದು ಎಲ್ಲೂ ಇಲ್ಲ. ನಮ್ಮ ಜಿಲ್ಲೆಯ ತೋರಣಗಲ್ಲು ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸರ್‌ಗಳು ತಯಾರಾಗುತ್ತಾರೆ. 2021ರ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ಅನುಮತಿ ಕೇಳಿ, ಸಿಕ್ಕರೆ ಒಂದು ಬೆಳಗ್ಗೆ ಅಭ್ಯಾಸ ನೋಡಿ ಬನ್ನಿ. ಅವರು ಆಡುವ ಹವ್ಯಾಸಿ ಬಾಕ್ಸಿಂಗಿನಲ್ಲಿ ಮೂರು ಮೂರು ನಿಮಿಷದ ಮೂರೇ ಸುತ್ತು. ಅಷ್ಟಕ್ಕೇ ಹುಡುಗರು ಹೇಗೆ ಏದುಸಿರು ಬಿಡುತ್ತಾರೆ, ಮೂಲೆಗೆ ಬಂದಾಗ ಕೋಚ್ ಏನು ಹೇಳುತ್ತಾರೆ, ಏನನ್ನು ನೋಡುತ್ತಾರೆ ಅಂತ ಗಮನಿಸಿ. ಬೆವರು, ನೀರು, ಟವೆಲ್ಲು ಮಾತ್ರ ಬರೆದುಕೊಂಡು ಬರಬೇಡಿ.

ಅಕ್ಟೋಬರ್ ಮೊದಲ ವಾರದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಈಗಿನದರ ಅರ್ಧ ಉದ್ದ ಸಾಕು. ಹಳೆಯದನ್ನು ತಿದ್ದಬೇಡಿ, ಸ್ಟೂಲಿನಿಂದ ಶುರು ಮಾಡಿ ಹೊಸದಾಗಿ ಬರೆಯಿರಿ. ಸೆಪ್ಟೆಂಬರ್ 10ರೊಳಗೆ ಕಳಿಸಿ, ಯೂನಿಕೋಡ್‌ನಲ್ಲೇ ಇರಲಿ. ಶೀರ್ಷಿಕೆಯ ಚಿಂತೆ ನಮಗೆ ಬಿಡಿ.

— ಸಂಪಾದಕ